ಮಾಯೆ, ಪ್ರೇಮ ಮತ್ತು ಆಯ್ಕೆ: ಫ್ಯಾಂಟಸಿ–ರೋಮ್ಯಾನ್ಸ್ ಓದುವವರಿಗೆ ಟಿಪ್ಪಣಿ

ಫ್ಯಾಂಟಸಿ, ರೋಮ್ಯಾನ್ಸ್ ಕಾದಂಬರಿಗಳನ್ನು ಅಭ್ಯಾಸಕ್ಕೆ ಎತ್ತಿಕೊಂಡವರಿಗೆ ಮೊದಲು ಎದುರಾಗುವ ಆಕ್ಷೇಪ ಒಂದೇ: ಕೊನೆಗೆ ಏನಾಗುತ್ತದೆ ಅಂತ ಮೊದಲೇ ಗೊತ್ತಲ್ಲ, ಮತ್ತೆ ಓದುವುದೇನು? ಒಂದರಲ್ಲಿ ಜೋಡಿ ಕೂಡುತ್ತದೆ, ಇನ್ನೊಂದರಲ್ಲಿ ದುಷ್ಟಶಕ್ತಿ ಸೋಲುತ್ತದೆ. ನನಗೆ ಈ ಆಕ್ಷೇಪದಲ್ಲಿ ಹುರುಳು ಕಾಣುವುದಿಲ್ಲ. ಅಮೆರಿಕದ ರೋಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಕೇಳಿದ್ದೇ ಎರಡು ಲಕ್ಷಣ: ಕಥೆಯ ನಡುಮಧ್ಯೆ ಪ್ರೇಮ ಇರಬೇಕು, ಅಂತ್ಯ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಅಂದರೆ ಅಂತ್ಯವನ್ನು ಓದುಗರಿಗೆ ಮೊದಲೇ ಕೊಟ್ಟಾಗಿದೆ. ಲೇಖಕರ ಪರೀಕ್ಷೆ ನಡೆಯುವುದು ದಾರಿಯಲ್ಲಿ. ಆ ಇಬ್ಬರು ಅಲ್ಲಿಗೆ ತಾವಾಗಿ ನಡೆದು ಬಂದರೇ, ಲೇಖಕರು ಎತ್ತಿಕೊಂಡು ಬಂದು ಇಳಿಸಿದರೇ ಎಂಬುದಷ್ಟೇ ನಾನು ನೋಡುವುದು.

ಅಡ್ಡಿ ಎಲ್ಲಿದೆ?

ಪಮೇಲಾ ರೀಜಿಸ್ ಎಂಬ ವಿದ್ವಾಂಸೆ 2003ರ ತಮ್ಮ ಪುಸ್ತಕದಲ್ಲಿ ರೋಮ್ಯಾನ್ಸ್ ಕಾದಂಬರಿಗೆ ಎಂಟು ಅಂಗಗಳನ್ನು ಗುರುತಿಸಿದ್ದಾರೆ. ಸಮಾಜದ ಚಿತ್ರ, ಭೇಟಿ, ಆಕರ್ಷಣೆ, ಅಡ್ಡಿ, ಪ್ರೇಮನಿವೇದನೆ, ಎಲ್ಲವೂ ಮುಗಿದೇ ಹೋಯಿತು ಅನ್ನಿಸುವ ಗಳಿಗೆ, ಅರಿವು, ಕೊನೆಗೆ ನಿಶ್ಚಯ. ಎಂಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಅಡ್ಡಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳಿ, ಉಳಿದ ಏಳೂ ಅದರ ಬೆನ್ನಿಗೇ ಬರುತ್ತವೆ.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ 61 ಅಧ್ಯಾಯಗಳಿವೆ. ನಾಯಕ ಡಾರ್ಸಿ ಮೊದಲ ಸಲ ಮದುವೆಯ ಮಾತೆತ್ತುವುದು 34ನೆಯದರಲ್ಲಿ. ಅರ್ಧ ದಾರಿ ದಾಟಿದ್ದಷ್ಟೇ, ಅಷ್ಟರಲ್ಲೇ ಕೇಳಿಬಿಟ್ಟ! ನಾಯಕಿ ಎಲಿಜಬೆತ್ ಖಡಾಖಂಡಿತವಾಗಿ ಬೇಡ ಅನ್ನುತ್ತಾಳೆ. ಮರುದಿನ ಅವನು ಪತ್ರ ಕೊಡುತ್ತಾನೆ, ಅವಳು ಅದನ್ನು ಮತ್ತೆ ಮತ್ತೆ ಓದಿ ತನ್ನ ಎಣಿಕೆ ಎಲ್ಲಿ ತಪ್ಪಿತೆಂದು ಕಂಡುಕೊಳ್ಳುತ್ತಾಳೆ. ಅಲ್ಲಿಂದ ಮುಂದಿನದೆಲ್ಲ ಇಬ್ಬರೂ ತಮ್ಮೊಳಗಿನ ಅಡ್ಡಿಯನ್ನು ತಾವೇ ಒಡೆಯುವ ಕಥೆ. ಹಣ, ಅಂತಸ್ತು, ಬಂಧುಗಳ ವಿರೋಧ ಇವೆ ನಿಜ. ಆದರೆ ಅವೆಲ್ಲ ಕರಗಿಹೋದರೂ 34ನೇ ಅಧ್ಯಾಯದ ಎಲಿಜಬೆತ್ ಒಪ್ಪುತ್ತಿರಲಿಲ್ಲ. ಒಳಗಿನ ಅಡ್ಡಿ ಅಂದರೆ ಇದು.

ನನಗೆ ಸಹನೆ ತಪ್ಪುವುದು ಎರಡು ನಿಮಿಷದ ಮಾತಿನಲ್ಲಿ ಮುಗಿಯುವ ತಪ್ಪುಗ್ರಹಿಕೆಯನ್ನು ಇನ್ನೂರು ಪುಟ ಎಳೆಯುವ ಕಾದಂಬರಿಗಳಲ್ಲಿ. ಬಾಗಿಲ ಮರೆಯಲ್ಲಿ ಅರ್ಧ ಮಾತು ಕೇಳಿಸಿಕೊಂಡು ಊರು ಬಿಟ್ಟು ಹೋಗುವ ನಾಯಕಿ ಯಾಕೆ ಕೇಳಲಿಲ್ಲ, ನಾಯಕ ಯಾಕೆ ಹೇಳಲಿಲ್ಲ? ಕೇಳದಿರಲು ಅವಳ ಸ್ವಭಾವದಲ್ಲೇ ಕಾರಣವಿದ್ದರೆ, ಅವಮಾನದ ಭಯವೋ ಹಳೆಯ ಪೆಟ್ಟೋ ಇದ್ದರೆ, ಸಂತೋಷದಿಂದ ಒಪ್ಪುತ್ತೇನೆ. ಪುಟ ತುಂಬಿಸಬೇಕೆಂಬುದೇ ಕಾರಣವಾದರೆ ಇಲ್ಲ.

ಮಾಯೆಗೆ ಬೆಲೆ ತೆತ್ತವರು ಯಾರು?

ಫ್ಯಾಂಟಸಿಯಲ್ಲಿ ಇದೇ ಪ್ರಶ್ನೆಗೆ ಬೇರೆ ರೂಪ. ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಒಂದು ಸೂತ್ರ ಕೊಟ್ಟರು: ಓದುಗರಿಗೆ ಮಾಯಾಶಕ್ತಿ ಎಷ್ಟು ಅರ್ಥವಾಗಿದೆಯೋ ಅಷ್ಟರಮಟ್ಟಿಗೇ ಲೇಖಕರು ಅದರಿಂದ ಸಮಸ್ಯೆ ಬಿಡಿಸಬಹುದು. ಉಪಯುಕ್ತ ಸೂತ್ರ, ಆದರೆ ಅದನ್ನು ಹಿಡಿದು ಬರೆಯುವ ಹಲವರ ಪುಸ್ತಕ ನಿಯಮಪುಸ್ತಕದಂತೆ ಓದಿಸಿಕೊಳ್ಳುತ್ತದೆ. ನನಗೆ ನಿಯಮಕ್ಕಿಂತ ಬೆಲೆ ಮುಖ್ಯ. ಉರ್ಸುಲಾ ಲೆ ಗ್ವಿನ್ ಅವರ 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯಲ್ಲಿ ಹುಡುಗ ಗೆಡ್ ಜಂಭಕ್ಕೆ ಬಿದ್ದು ಸತ್ತವರ ಲೋಕದಿಂದ ಒಬ್ಬಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ಒಂದು ನೆರಳು ನುಗ್ಗಿ ಅವನ ಮುಖ ಸೀಳುತ್ತದೆ. ಬಿರುಕು ಮುಚ್ಚಿದ ವೃದ್ಧ ಗುರುವಿನ ಪ್ರಾಣವೇ ಹೋಗುತ್ತದೆ. ಮುಂದೆ ಆ ನೆರಳನ್ನು ಎದುರಿಸಬೇಕಾದವನು ಗೆಡ್ ಒಬ್ಬನೇ. ಅಲ್ಲಿ ಮಾಯಾವಿದ್ಯೆಯ ಲೆಕ್ಕಾಚಾರ ಪೂರ್ತಿ ಬಿಡಿಸಿ ಹೇಳಿಲ್ಲ. ಆದರೂ ಪ್ರತಿ ಮಂತ್ರಕ್ಕೂ ತೂಕವಿದೆ, ಯಾಕೆಂದರೆ ತೆರುವವರು ಯಾರೆಂದು ನಮಗೆ ಗೊತ್ತು.

ಎರಡೂ ಸೇರಿದಾಗ

ಈಗ ಎಲ್ಲೆಡೆ ಓದುತ್ತಿರುವುದು ಎರಡನ್ನೂ ಬೆಸೆದ ರೊಮ್ಯಾಂಟಸಿ. ಅದನ್ನು ಅಳೆಯಲು ನನಗೆ ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ ನಾಟಕಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಸಭೆಗೆ ಬಂದಾಗ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಇಲ್ಲವೆನ್ನುತ್ತಾನೆ. ಅಶರೀರವಾಣಿ ಆದಮೇಲಷ್ಟೇ ಒಪ್ಪಿಕೊಂಡು, ಜನ ಸಂಶಯಪಡಬಾರದೆಂದು ಹಾಗೆ ಮಾಡಿದೆ ಅನ್ನುತ್ತಾನೆ. ಕಾಳಿದಾಸ ಇಲ್ಲಿಗೆ ದುರ್ವಾಸರ ಶಾಪ ಮತ್ತು ಉಂಗುರವನ್ನು ತಂದ. ಮರೆವಿಗೆ ಈಗ ಮಾಯೆಯೇ ಹೊಣೆ, ರಾಜ ನಿರಪರಾಧಿ.

ಇಷ್ಟೇ ಆಗಿದ್ದರೆ ಅದು ನಾಯಕನನ್ನು ಪಾರುಮಾಡುವ ಉಪಾಯವಾಗಿ ನಿಲ್ಲುತ್ತಿತ್ತು. ಮೂಲದ ಕಹಿ ಸತ್ಯ ಹೋಯಿತಲ್ಲ ಎಂಬ ಕೊರಗು ನನಗೆ ಇನ್ನೂ ಉಳಿದಿದೆ. ಆದರೆ ಆರನೇ ಅಂಕ ಓದಿ. ಬೆಸ್ತನ ಕೈಯಿಂದ ಉಂಗುರ ಬಂದು ನೆನಪು ಮರಳಿದೆ, ಶಾಪ ಮುಗಿದಿದೆ, ಶಕುಂತಲೆ ಮಾತ್ರ ಇಲ್ಲ. ಮಾಯೆ ಕೈಬಿಟ್ಟ ಮೇಲೂ ಪಶ್ಚಾತ್ತಾಪ ಅವನದೇ. ಚಿತ್ರ ಬರೆಯುತ್ತಾನೆ, ಅದರ ಮುಂದೆ ಕೂತು ತಾನು ನುಡಿದ ಮಾತುಗಳಿಗಾಗಿ ಬೇಯುತ್ತಾನೆ. ಶಾಪ ಅಡ್ಡಿಯನ್ನು ತಂದು ಹಾಕಿತು. ಅದರ ನೋವನ್ನು ಉಣ್ಣಬೇಕಾದದ್ದು ಮನುಷ್ಯ.

ಈ ಅಳತೆಗೋಲು ಹಿಡಿದು ನೋಡಿದರೆ, ಇಂದಿನ ರೊಮ್ಯಾಂಟಸಿಯಲ್ಲಿ ನನಗೆ ತೀರಾ ಬೇಸರ ತರಿಸುವುದು ವಿಧಿಯೇ ಬೆಸೆದ ಜೋಡಿ. ಕಣ್ಣು ಕಲೆತ ಕೂಡಲೇ ಮಾಂತ್ರಿಕ ಬಂಧ ಬೆಸೆಯುತ್ತದೆ, ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯುತ್ತದೆ. ಮಾತಾಡಿ ಅರ್ಥಮಾಡಿಕೊಳ್ಳುವ ಇಡೀ ಕೆಲಸ ರದ್ದು. ಬೇಡ ಅನ್ನುವ ದಾರಿಯೇ ಇಲ್ಲದವಳು ಹೂಂ ಅಂದರೆ ಅದರಲ್ಲಿ ನಾನು ಖುಷಿಪಡುವುದೇನು? ಅವಳು ಬಂಧವನ್ನು ಕಡಿದುಹಾಕಬಲ್ಲಳು, ಕಡಿದರೆ ಏನು ಕಳೆದುಕೊಳ್ಳುತ್ತಾಳೆಂದು ಅವಳಿಗೂ ಗೊತ್ತು ಎನ್ನುವ ಕಡೆ ಕಥೆಗೆ ಜೀವ ಬರುತ್ತದೆ. ಲೋಕವನ್ನು ಉಳಿಸಲು ಹುಟ್ಟಿದವನೆಂದು ಭವಿಷ್ಯವಾಣಿ ಸಾರಿದ ನಾಯಕನಿಗೂ ಇದೇ ಮಾತು ಸಲ್ಲುತ್ತದೆ.

ಶತ್ರುಗಳು ಪ್ರೇಮಿಗಳಾಗುವ ಕಥೆಗಳು ನನಗೆ ಬಲು ಇಷ್ಟ, ಹಗೆತನ ನಿಜವಾಗಿದ್ದರೆ. ಅವಳ ಊರನ್ನು ಸುಟ್ಟ ಸೇನಾಪತಿಯನ್ನು ಅವನ ಬಾಲ್ಯದ ದುಃಖ ಕೇಳಿ ಒಂದೇ ರಾತ್ರಿಯಲ್ಲಿ ಕ್ಷಮಿಸುವುದಾದರೆ ಸುಟ್ಟ ಊರು ಬರೀ ಅಲಂಕಾರ.

ಓದುವಾಗ ಪೆನ್ಸಿಲ್ ಹಿಡಿದು ಎರಡು ಗುರುತು ಹಾಕಿ: ಅಡ್ಡಿ ಮೊದಲು ಕಂಡ ಪುಟಕ್ಕೆ ಒಂದು, ಅದು ಬಿದ್ದ ಪುಟಕ್ಕೆ ಇನ್ನೊಂದು. ಎರಡನೇ ಗುರುತಿನ ಪಕ್ಕದಲ್ಲಿ ಅದನ್ನು ಬೀಳಿಸಿದವರ ಹೆಸರು ಬರೆಯಿರಿ. ಅಲ್ಲಿ ಪಾತ್ರದ ಹೆಸರಿನ ಬದಲು ಮಂತ್ರ, ಅಪಘಾತ ಅಥವಾ ಭವಿಷ್ಯವಾಣಿ ಬಂದರೆ ಹಿಂದಿನ ಐವತ್ತು ಪುಟ ಮತ್ತೆ ಓದಿ, ಆ ಜಾಗದಲ್ಲಿ ಪಾತ್ರ ಏನು ಮಾಡಬಹುದಿತ್ತು ಎಂದು ಅಂಚಿನಲ್ಲೇ ಟಿಪ್ಪಣಿ ಮಾಡಿಕೊಳ್ಳಿ.