ಬ್ಯಾಡಗಿ ದರದ ಅಲೆ: ಚಕ್ರವೋ, ಬರೀ ಅಲೆದಾಟವೋ?

ಬ್ಯಾಡಗಿ ಪೇಟೆಯ ಡಬ್ಬಿ ಬಗೆಯ ಮೆಣಸಿನಕಾಯಿಯ ಹತ್ತು ವರ್ಷದ ದರಪಟ್ಟಿ ಹಿಡಿದು, ಏರಿಕೆಯ ಸರಳರೇಖೆ ಕಳೆದು, ಉಳಿದ ಅಲೆ ತೋರಿಸಿ ‘ಎಂಟು ವರ್ಷಕ್ಕೊಮ್ಮೆ ದರ ತಿರುಗುತ್ತದೆ’ ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ನಂಬಿ ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಇಡಬೇಡಿ. ಯಾವ ಚಕ್ರವೂ ಇಲ್ಲದ ರ‍್ಯಾಂಡಮ್ ವಾಕ್ (ಪ್ರತಿ ಹೆಜ್ಜೆಯೂ ಆಕಸ್ಮಿಕವಾದ ಅಲೆದಾಟ) ಕೂಡ ಇಂಥದೇ ಅಲೆ ತೋರಿಸುತ್ತದೆ.

ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಒಂದು ಕೂಡಿಸಿ, ಟೇಲ್ ಬಿದ್ದರೆ ಒಂದು ಕಳೆಯುತ್ತ ಹೋಗಿ. 256 ಹೆಜ್ಜೆಗೆ ಶುರುವಿನಿಂದ ಸರಿಯುವ ದೂರದ ಸಾಮಾನ್ಯ ಅಳತೆ 16, 1024 ಹೆಜ್ಜೆಗೆ 32. ಹೆಜ್ಜೆ ನಾಲ್ಕು ಪಟ್ಟಾದರೆ ದೂರ ಎರಡೇ ಪಟ್ಟು. ಈ ನಡಿಗೆಯಿಂದ ಅದರ ಸರಾಸರಿ ಕಳೆದು ಕೊಸೈನ್ ಅಲೆಗಳಾಗಿ ಬಿಡಿಸಿದರೆ, ಸರಾಸರಿ ಲೆಕ್ಕದಲ್ಲಿ ಒಟ್ಟು ಏರಿಳಿತದ ಸುಮಾರು 61%, ನಡಿಗೆಯ ಉದ್ದಕ್ಕೂ ಹರಡುವ ಮೊದಲ ಅರ್ಧ ಅಲೆಗೇ ಸೇರುತ್ತದೆ. ಎರಡನೆಯದಕ್ಕೆ 15%, ಮೂರನೆಯದಕ್ಕೆ 7%. ಅಂದರೆ ಉದ್ದನೆಯ ಅಲೆಗಳದೇ ದರ್ಬಾರು.

ಸರಳರೇಖೆ ಕಳೆದಾಗ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಚಾರ್ಲ್ಸ್ ನೆಲ್ಸನ್ ಮತ್ತು ಹೀಜೂನ್ ಕಾಂಗ್ 1981ರಲ್ಲೇ ತೋರಿಸಿದ್ದಾರೆ: ದತ್ತಾಂಶದ ಉದ್ದದ 0.83 ಭಾಗದಷ್ಟು ಅವಧಿಯ ಸುಳ್ಳು ಚಕ್ರ ಹುಟ್ಟುತ್ತದೆ. ಹತ್ತು ವರ್ಷಕ್ಕೆ 8.3 ವರ್ಷ. ಆದ್ದರಿಂದ ಮೊದಲ ಪರೀಕ್ಷೆ ಸುಲಭ. ಅದೇ ಪಟ್ಟಿಯ ಐದು ವರ್ಷ ಮಾತ್ರ ಕೊಡಿ. ಚಕ್ರವೂ ನಾಲ್ಕು ವರ್ಷದ ಹತ್ತಿರಕ್ಕೆ ಕುಗ್ಗಿದರೆ ಅದು ಲೆಕ್ಕದ ಕೂಸು. ಹಂಗಾಮಿನ ಪರಿಣಾಮ ನಿಜವಿದ್ದರೆ, ಪಟ್ಟಿ ಎಷ್ಟೇ ಉದ್ದವಿರಲಿ, 52 ವಾರದಲ್ಲೇ ನಿಲ್ಲುತ್ತದೆ.

ಎರಡನೆಯ ಪರೀಕ್ಷೆ: ವಾರದ ಮಾದರಿ ದರದ (ಅತಿ ಹೆಚ್ಚು ಮಾಲು ಮಾರಿದ ದರ) ಲಾಗ್ ತೆಗೆದು, 1, 2, 4, 8 ವಾರಗಳ ಬದಲಾವಣೆಯ ವೇರಿಯನ್ಸ್ (ಚದುರುವಿಕೆಯ ಅಳತೆ) ಹಾಕಿ. ಎರಡು ವಾರದ್ದನ್ನು ಒಂದು ವಾರದ್ದರ ಎರಡು ಪಟ್ಟಿನಿಂದ ಭಾಗಿಸಿ, 1ರ ಆಸುಪಾಸು ಬಂದರೆ ಅಲೆದಾಟವೇ. 4, 8 ವಾರದ್ದನ್ನೂ ಹೀಗೇ ಒಂದು ವಾರದ್ದರ ನಾಲ್ಕು, ಎಂಟು ಪಟ್ಟಿನಿಂದ ಭಾಗಿಸಿ. 520 ವಾರವಿದ್ದರೂ ಎರಡು ವಾರದ ಅನುಪಾತದಲ್ಲಿ 0.09ರಷ್ಟು ಆಚೀಚೆ ಆಗುವುದು ಸಹಜ. ದರ ಕೆಲ ತಿಂಗಳು ಹೆಚ್ಚು ಕುಣಿದಿದ್ದರೆ ಈ ಅಂಚು ಇನ್ನೂ ಅಗಲವಾಗುತ್ತದೆ.

ಇಲ್ಲಿ ತಪ್ಪು ನುಸುಳುವುದು ದತ್ತಾಂಶದಲ್ಲಿ. ತಿಂಗಳ ಸರಾಸರಿ ಬಳಸಲೇಬೇಡಿ. ಶುದ್ಧ ಅಲೆದಾಟದ ಸರಾಸರಿ ತೆಗೆದರೂ ಪಕ್ಕಪಕ್ಕದ ಬದಲಾವಣೆಗಳ ನಡುವೆ ಸುಮಾರು 0.25 ಸಹಸಂಬಂಧ ಮೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಹೋಲ್‌ಬ್ರೂಕ್ ವರ್ಕಿಂಗ್ 1960ರಲ್ಲಿ ತೋರಿಸಿದರು. ಎರಡು ತಿಂಗಳ ಅನುಪಾತ 1.25 ಬಂದು, ಇಲ್ಲದ ಓಟ ಇದ್ದಂತೆ ಕಾಣುತ್ತದೆ. ಪೇಟೆ ನಡೆಯದ ವಾರಕ್ಕೆ ಹಿಂದಿನ ದರ ತುಂಬದೆ ಖಾಲಿ ಬಿಡಿ. ಡಬ್ಬಿ, ಕಡ್ಡಿ ಬಗೆಗಳ ದರ ಬೆರೆಸಬೇಡಿ. ಒಂದು ವಾರ ಹಸಿ ಮಾಲು ಹೆಚ್ಚು ಬಂದು ಮಾದರಿ ದರ ಇಳಿದು, ಮುಂದಿನ ವಾರ ಒಣ ಮಾಲಿನಿಂದ ಮೇಲೆದ್ದರೆ ಅನುಪಾತ 1ಕ್ಕಿಂತ ಕೆಳಗಿಳಿಯುತ್ತದೆ. ಅದು ಗುಣಮಟ್ಟದ ಏರಿಳಿತ. ಗೋದಾಮಿನ ಚೀಲಕ್ಕೆ ಆ ಲಾಭ ಸಿಗದು.