ಹಸು ತಿನ್ನುವ ನೀರು

ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಸೀಮೆಹಸು 60–70 ಲೀಟರ್ ನೀರು ಕುಡಿಯುತ್ತದೆ. ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು ಒಂದಷ್ಟು ಬೇಕು. ಅದೇ ಹಸುವಿನ ಹಸಿಮೇವಿಗೆ ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ನೆದರ್ಲೆಂಡ್ಸ್‌ನ ಸಂಶೋಧಕರಾದ ಮೆಕೊನ್ನೆನ್ ಮತ್ತು ಹೂಕ್‌ಸ್ಟ್ರಾ 2012ರಲ್ಲಿ ಇಡೀ ಜಗತ್ತಿನ ಲೆಕ್ಕ ಹಾಕಿದಾಗಲೂ ಇದೇ ಕಂಡಿತು: ಹಾಲು, ಮಾಂಸ, ಮೊಟ್ಟೆಗೆ ತಗಲುವ ನೀರಿನಲ್ಲಿ ಶೇ. 98ರಷ್ಟು ಹೋಗುವುದು ಮೇವು, ಕಾಳು, ಹಿಂಡಿ ಬೆಳೆಯುವುದಕ್ಕೆ.

ಕೋಲಾರದ ಕಡೆಯ ಒಂದು ಸಣ್ಣ ಹಿಡುವಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ರಾಗಿ ಹೊಲ, ಸ್ವಲ್ಪ ಟೊಮೆಟೊ, ಎರಡು ಹಸು, ಅವುಗಳಿಗೆಂದು ಹತ್ತು ಗುಂಟೆ ನೇಪಿಯರ್ ಹುಲ್ಲು. ಒಂದು ಗುಂಟೆಯ ಮೇಲೆ 1 ಮಿ.ಮೀ. ನೀರು ಎಂದರೆ 101 ಲೀಟರ್. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಎದೆಮಟ್ಟ ಬೆಳೆದ ನೇಪಿಯರ್ ದಿನಕ್ಕೆ ಸುಮಾರು 5 ಮಿ.ಮೀ. ಹೀರಿ ಆವಿ ಮಾಡುತ್ತದೆ. ಹತ್ತು ಗುಂಟೆಗೆ ಅದು 5,000 ಲೀಟರ್. ಎಕರೆಗೆ ವರ್ಷಕ್ಕೆ 100 ಟನ್ ಇಳುವರಿ ಹಿಡಿದರೆ ಈ ತಾಕಿನಿಂದ ದಿನಕ್ಕೆ 68 ಕೆ.ಜಿ. ಹಸಿಹುಲ್ಲು ಸಿಗುತ್ತದೆ, ಹಸುವೊಂದಕ್ಕೆ 34 ಕೆ.ಜಿ. ಕಾಲುವೆಯಲ್ಲಿ ನೀರು ಬಿಟ್ಟು ಹಾಯಿಸಿದರೆ ಶೇ. 40ರಷ್ಟು ಬೇರಿಗೆ ಸಿಗದೆ ಹೋಗಬಹುದು. ಆಗ ಕೊಳವೆಬಾವಿಯಿಂದ 8,400 ಲೀಟರ್ ಎತ್ತಬೇಕು. ಹನಿ ನೀರಾವರಿಯಲ್ಲಾದರೆ 5,600 ಲೀಟರ್ ಸಾಕು.

ನಿಮ್ಮ ಬೋರಿನ ಲೆಕ್ಕ ತಿಳಿಯಲು 200 ಲೀಟರಿನ ಡ್ರಮ್ಮೊಂದನ್ನು ಪೈಪಿನ ಬಾಯಿಗೆ ಇಟ್ಟು ಸಮಯ ನೋಡಿ. ತುಂಬಲು ನಾಲ್ಕು ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್ ಬರುತ್ತಿದೆ ಎಂದರ್ಥ. ದಿನಕ್ಕೆ ಏಳು ಗಂಟೆ ಮೂರು ಫೇಸ್ ಕರೆಂಟು ಸಿಕ್ಕರೆ, ಕಾಲುವೆ ಪದ್ಧತಿಯಲ್ಲಿ ಅದರಲ್ಲಿ ಎರಡೂ ಮುಕ್ಕಾಲು ಗಂಟೆ ಎರಡು ಹಸುಗಳ ಹುಲ್ಲಿಗೇ ಮುಗಿಯುತ್ತದೆ.

ಹಾಗೆಂದು ನೇಪಿಯರನ್ನು ದೂರುವಂತಿಲ್ಲ. ಅಮೆರಿಕದ ವಿಜ್ಞಾನಿಗಳಾದ ಬ್ರಿಗ್ಸ್ ಮತ್ತು ಶಾಂಟ್ಜ್ ನೂರು ವರ್ಷದ ಹಿಂದೆಯೇ ಮುಚ್ಚಿದ ಕುಂಡಗಳಲ್ಲಿ ಗಿಡ ಬೆಳೆಸಿ, ತೂಗಿ ನೋಡಿದ್ದರು. ಒಂದು ಕೆ.ಜಿ. ಒಣ ಅಂಶ ಕಟ್ಟಲು ಜೋಳಕ್ಕೆ ಸುಮಾರು 320, ಮುಸುಕಿನ ಜೋಳಕ್ಕೆ 370, ಕುದುರೆ ಮಸಾಲೆ ಸೊಪ್ಪಿಗೆ (ಲೂಸರ್ನ್) 830 ಲೀಟರ್ ನೀರು ಬೇಕಾಯಿತು. ನೇಪಿಯರ್ ಜೋಳದ ಗುಂಪಿನದು; ಎಲೆಯ ರಂಧ್ರ ಕಡಿಮೆ ತೆರೆದು ಹೆಚ್ಚು ಇಂಗಾಲ ಹಿಡಿಯುವ ಜಾತಿ. ಕುದುರೆ ಮಸಾಲೆಯಲ್ಲಿ ಪ್ರೋಟೀನ್ ಹೆಚ್ಚು, ನಿಜ. ಆದರೆ ಬತ್ತುವ ಬೋರಿನ ಕೆಳಗೆ ಅದನ್ನು ಎಕರೆಗಟ್ಟಲೆ ಹಾಕುವುದು ತರವಲ್ಲ. ಬದುವಿನ ಮೇಲೆ ಅಗಸೆ, ಗ್ಲಿರಿಸಿಡಿಯ ಮರ ಹಾಕಿದರೆ ಪ್ರೋಟೀನೂ ಸಿಗುತ್ತದೆ, ಬೇರು ಆಳಕ್ಕಿಳಿದ ಮೇಲೆ ನೀರೂ ಕೇಳುವುದಿಲ್ಲ.

ತೊಂದರೆ ಇರುವುದು ಯಾವ ನೀರಿನಲ್ಲಿ ಬೆಳೆಯುತ್ತೇವೆ ಎಂಬುದರಲ್ಲಿ. ಮಣ್ಣಿನಲ್ಲಿ ನಿಂತ ಮಳೆಯ ತೇವವನ್ನು ವಿಜ್ಞಾನಿಗಳು ಹಸಿರು ನೀರು ಎನ್ನುತ್ತಾರೆ. ಬಾವಿ, ಕೆರೆಯಿಂದ ಎತ್ತಿದ್ದು ನೀಲಿ ನೀರು. ಮುಂಗಾರಿನಲ್ಲಿ ಬಿತ್ತಿದ ರಾಗಿಯ ಹುಲ್ಲು, ಅಕ್ಕಡಿ ಸಾಲಿನ (ರಾಗಿಯ ನಡುವೆ ಬಿತ್ತುವ ಮಿಶ್ರಬೆಳೆಯ ಸಾಲು) ಅವರೆ, ಜೋಳ, ಅಲಸಂದೆಯ ಹೊಟ್ಟು, ಸೊಪ್ಪು, ಇವೆಲ್ಲ ಹಸಿರು ನೀರಿನ ಮೇವು. ಕಾಳಿಗೆಂದು ಬೆಳೆದ ಬೆಳೆಯಲ್ಲಿ ಇವು ಪುಕ್ಕಟೆ ಬಂದವು. ಅಕ್ಕಡಿ ಸಾಲು ಬಿಟ್ಟು ಬರೀ ರಾಗಿ ಹಾಕಿದ ಮನೆಯಲ್ಲಿ ಹಿಂಡಿಯ ಖರ್ಚು ಏರುವುದು ಸಹಜ.

ರಾಗಿ ಹುಲ್ಲಿನ ಕೊರತೆ ಎಂದರೆ ಪ್ರೋಟೀನ್ ಶೇ. 3–4 ಅಷ್ಟೇ. ಅದನ್ನು ಹೆಚ್ಚಿಸಲು 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ಯೂರಿಯಾ ಸರಿಯಾಗಿ ಕರಗದೆ ಒಂದೆಡೆ ಕೂಡಿಕೊಂಡರೆ ಹಸುವಿನ ಜೀವಕ್ಕೇ ಅಪಾಯ. ತೆಗೆದ ಮೇಲೆ ಘಾಟು ಹೋಗುವವರೆಗೆ ಹರವಿ ಕೊಡಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ.

ನಮ್ಮನ್ನು ಕೇಳಿದರೆ, ಬಯಲುಸೀಮೆಯ ಸಣ್ಣ ರೈತ ಮೊದಲು ಮಾಡಬೇಕಾದ್ದು ಸೈಲೇಜ್, ಅಂದರೆ ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ರಸಮೇವು. ಅದು ಮಳೆಯನ್ನೇ ಗುಂಡಿಯಲ್ಲಿ ಕೂಡಿಡುವ ಕೆಲಸ. ಎರಡು ಹಸುಗಳಿಗೆ ಬೇಸಿಗೆಯ ನೂರು ದಿನ ತಲಾ 20 ಕೆ.ಜಿ. ಎಂದರೆ 4 ಟನ್. ಹಾಳಾಗುವ ಪಾಲು ಸೇರಿಸಿ 4.8 ಟನ್ ಹಿಡಿಯೋಣ. ಮಳೆಯಾಶ್ರಯದಲ್ಲಿ ಎಕರೆಗೆ 12 ಟನ್ ಹಸಿ ಮುಸುಕಿನ ಜೋಳ ಬಂದರೆ 16 ಗುಂಟೆ ಸಾಕು. ಮಳೆ ಕೈಕೊಟ್ಟು ಒಮ್ಮೆ 40 ಮಿ.ಮೀ. ನೀರು ಕೊಡಬೇಕಾಗಿ ಬಂದರೂ 65,000 ಲೀಟರ್. ಅದೇ ನೂರು ದಿನ ನೇಪಿಯರ್ ಹಾಯಿಸಲು ಹನಿ ನೀರಾವರಿಯಲ್ಲೂ ಐದೂವರೆ ಲಕ್ಷ ಲೀಟರ್ ಬೇಕು.

ತೆನೆಯ ಕಾಳು ಹಾಲುಗಟ್ಟಿ ಹಿಟ್ಟಾಗತೊಡಗಿದಾಗ, ಬಿತ್ತಿದ 75–85 ದಿನಕ್ಕೆ, ಕತ್ತರಿಸಬೇಕು. ಆಗ ಒಣ ಅಂಶ ಶೇ. 30–35 ಇರುತ್ತದೆ. ಕೋಲಾರದಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಆದ್ದರಿಂದ ಎರಡು ದಿನದ ಬಿಡುವು ಕಾದು ಕೊಯ್ಯಿರಿ. ನೆನೆದ ಮೇವು ತುಂಬಿದರೆ ತಳದಲ್ಲಿ ರಸ ಸೋರಿ, ಕೊಳೆತ ಬೆಣ್ಣೆಯ ವಾಸನೆ ಬಂದು ಹಸು ಮೂತಿ ತಿರುಗಿಸುತ್ತದೆ. ಎರಡು–ಮೂರು ಸೆಂ.ಮೀ. ತುಂಡು ಮಾಡಿ, ಅರ್ಧ ಅಡಿಗೊಮ್ಮೆ ಗಟ್ಟಿಯಾಗಿ ತುಳಿದು, ಸಾಧ್ಯವಾದಷ್ಟು ಒಂದೇ ದಿನದಲ್ಲಿ ತುಂಬಿ ಮುಚ್ಚಬೇಕು. ಘನ ಮೀಟರಿಗೆ 600 ಕೆ.ಜಿ. ಕೂತರೆ ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, 1.6 ಮೀಟರ್ ಆಳದ ಗುಂಡಿಗೆ ಅಷ್ಟೂ ಹಿಡಿಯುತ್ತದೆ. ಬೂಷ್ಟು ಬರುವುದು ಹೆಚ್ಚಾಗಿ ಅಂಚಿನಲ್ಲಿ, ಕಾಲು ಸರಿಯಾಗಿ ಬೀಳದ ಮೂಲೆಗಳಲ್ಲಿ. ಆ ಭಾಗವನ್ನು ಎಸೆಯಿರಿ, ಬೆರೆಸಿ ಕೊಡಬೇಡಿ. 45 ದಿನದ ನಂತರ ತೆರೆಯಬಹುದು. ತೆರೆದ ಮೇಲೆ ದಿನವೂ ತೆಗೆಯಬೇಕು.

ಹುಲ್ಲು ಕತ್ತರಿಸುವ ಯಂತ್ರವೂ ನೀರು ಉಳಿಸುತ್ತದೆ. 45 ದಿನಕ್ಕೆ ಕೊಯ್ಯಬೇಕಾದ ನೇಪಿಯರನ್ನು ಎರಡು ತಿಂಗಳು ಬಿಟ್ಟು, ಇಡಿಯಾಗಿ ಗೋದಲೆಗೆ ಹಾಕಿದರೆ ಹಸು ಎಲೆ ತಿಂದು ದಂಟು ಉಳಿಸುತ್ತದೆ. ಐದರಲ್ಲಿ ಒಂದು ಪಾಲು ತಿಪ್ಪೆಗೆ ಹೋದರೆ ಅದರ ಜೊತೆ ದಿನಕ್ಕೆ 1,000 ಲೀಟರ್ ನೀರೂ ಹೋಯಿತು.

ಟ್ರೇಗಳಲ್ಲಿ ಮೊಳಕೆ ಬರಿಸುವ ಹೈಡ್ರೋಪೋನಿಕ್ ಮೇವಿನ ಬಗ್ಗೆ ಒಂದು ಎಚ್ಚರಿಕೆ. ಒಂದು ಕೆ.ಜಿ. ಮುಸುಕಿನ ಜೋಳ ಐದಾರು ಕೆ.ಜಿ. ಹಸಿರಾಗುವುದು ಕಣ್ಣಿಗೆ ಚೆಂದ. ಹೆಚ್ಚಿದ್ದೆಲ್ಲ ನೀರಿನ ತೂಕ. ಮೊಳೆಯುವಾಗ ಕಾಳು ಉಸಿರಾಡಿ ತನ್ನ ಪಿಷ್ಟವನ್ನೇ ಸುಡುವುದರಿಂದ ಒಣ ಅಂಶ ಮೊದಲಿಗಿಂತ ಕಡಿಮೆಯಾಗುತ್ತದೆ. ಆ ಒಂದು ಕೆ.ಜಿ. ಕಾಳು ಬೆಳೆಯಲು ಜಗತ್ತಿನ ಸರಾಸರಿಯಲ್ಲಿ 1,200 ಲೀಟರ್ ನೀರು ಹೋಗಿರುತ್ತದೆ. ಟ್ರೇ ಮಾರುವವರ ಲೆಕ್ಕದಲ್ಲಿ ಅದು ಸೇರಿರುವುದಿಲ್ಲ.