ಹುಟ್ಟುವ ಮುಂಚೆಯೇ ತೆರಿಗೆ ವಿನಾಯಿತಿ: ಜಾರ್ಜಿಯಾದ ಲೆಕ್ಕ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆದಾಯ ತೆರಿಗೆ ಕಟ್ಟುವಾಗ ಹೊಟ್ಟೆಯಲ್ಲಿರುವ ಮಗುವನ್ನೂ ಅವಲಂಬಿತರ ಲೆಕ್ಕಕ್ಕೆ ಸೇರಿಸಬಹುದು. ಗರ್ಭಪಾತ ನಿರ್ಬಂಧಿಸುವ 2019ರ ಕಾನೂನಿನಲ್ಲೇ ಈ ಅವಕಾಶವೂ ಇತ್ತು. ಕೋರ್ಟಿನ ತಡೆ ತೆರವಾಗಿ ಜಾರಿಗೆ ಬಂದದ್ದು 2022ರ ಜುಲೈ 20ರಿಂದ. ಅಟ್ಲಾಂಟಾ ಕಡೆ ಕೆಲಸದಲ್ಲಿರುವ ಕನ್ನಡಿಗರಿಗೂ ಇದು ಸಿಗುತ್ತದೆ.

ಮೊದಲು ದುಡ್ಡಿನ ಮಾತು. 2022, 2023ರಲ್ಲಿ ತಲಾ 3,000 ಡಾಲರ್ ಇದ್ದ ವಿನಾಯಿತಿ 2024ರಿಂದ 4,000 ಆಗಿದೆ. ಅವಳಿ ಇದ್ದರೆ 8,000. ಆದರೆ ಇದು ಕೈಗೆ ಬರುವ ಮೊತ್ತವಲ್ಲ, ತೆರಿಗೆ ಬೀಳುವ ಆದಾಯದಿಂದ ಕಳೆಯುವ ಮೊತ್ತ. 2024ರ ದರ ಶೇ. 5.39. ಅಂದರೆ ಒಂದು ಮಗುವಿಗೆ ಉಳಿತಾಯ 215 ಡಾಲರ್ ಚಿಲ್ಲರೆ. ರಾಜ್ಯಕ್ಕೆ ತೆರಿಗೆಯೇ ಕಟ್ಟಬೇಕಿಲ್ಲದ ಬಡ ಗರ್ಭಿಣಿಗೆ ಸಿಗುವುದು ಸೊನ್ನೆ. ಬಸುರಿಯ ಖರ್ಚಿಗೆ ಆಸರೆಯಾಗುವುದೇ ಉದ್ದೇಶವಾಗಿದ್ದರೆ ನೇರ ಮರುಪಾವತಿ ಕೊಡಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಎಡವುವುದು ಹೆಚ್ಚಾಗಿ ತಾರೀಖಿನಲ್ಲಿ. ಆ ವರ್ಷದ ಯಾವುದೇ ದಿನ ಭ್ರೂಣದ ಹೃದಯ ಬಡಿತ ಗುರುತಿಸುವಂತಿದ್ದರೆ ಸಾಕು. ಆರು ವಾರಕ್ಕೇ ಅದು ಸಾಧ್ಯ ಎಂದು ಕಂದಾಯ ಇಲಾಖೆ ಒಪ್ಪುತ್ತದೆ. ಮೊದಲ ಸ್ಕ್ಯಾನ್ ಜನವರಿ 6ರಂದು ಆಗಿ, ವರದಿಯಲ್ಲಿ 9 ವಾರ 3 ದಿನ ಎಂದಿದೆ ಎನ್ನಿ. ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 31ಕ್ಕೆ 8 ವಾರ 4 ದಿನ. ಕಾನೂನು ಕೇಳುವುದು ಬಡಿತ ಗುರುತಿಸುವಂತಿತ್ತೇ ಎಂದು, ಆ ದಿನ ಯಾರಾದರೂ ಗುರುತಿಸಿದರೇ ಎಂದಲ್ಲ. ಹಾಗಾಗಿ ಹಿಂದಿನ ವರ್ಷಕ್ಕೆ ಕೇಳಲು ಆಧಾರವಿದೆ. ಆದರೂ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ದಾಖಲೆಗಳನ್ನು ರಿಟರ್ನ್ ಜೊತೆ ಲಗತ್ತಿಸಬೇಕಿಲ್ಲ, ಇಲಾಖೆ ಕೇಳಿದಾಗ ಒದಗಿಸಬೇಕು.

ಇನ್ನೊಂದು ತೊಡಕು ರಿಟರ್ನ್ ತುಂಬಿಸುವ ಸಾಫ್ಟ್‌ವೇರಿನದು. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರ ಹುಟ್ಟದ ಮಗುವನ್ನು ಅವಲಂಬಿತ ಎಂದು ಒಪ್ಪುವುದಿಲ್ಲ. ಫೆಡರಲ್ ರಿಟರ್ನಿನ ಸಂಖ್ಯೆ ಹಾಗೇ ರಾಜ್ಯದ ರಿಟರ್ನ್ ಆದ ಫಾರ್ಮ್ 500ಕ್ಕೆ ಇಳಿದರೆ ಈ ಮಗು ಬಿಟ್ಟುಹೋಗುತ್ತದೆ. ರಾಜ್ಯದ ಭಾಗಕ್ಕೆ ಹೋಗಿ ಕೈಯಾರೆ ತುಂಬಿಸಬೇಕು. ತಪ್ಪಿ ಫೆಡರಲ್ ಭಾಗದಲ್ಲೇ ಸೇರಿಸಿದಿರೋ, ಸೋಷಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದೆ ಅಲ್ಲೇ ಸಿಕ್ಕಿಬೀಳುತ್ತದೆ. ಅದೇ ವರ್ಷ ಮಗು ಹುಟ್ಟಿದರೆ ಮಾಮೂಲಿ ಅವಲಂಬಿತರಲ್ಲಿ ಮಾತ್ರ ತೋರಿಸಿ, ಎರಡೂ ಕಡೆ ಅಲ್ಲ.

ಫೆಡರಲ್ ನಿಯಮವೇ ಬೇರೆ. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮಗುವಿಗೂ ಇಡೀ ವರ್ಷದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ (ಮಕ್ಕಳಿರುವವರ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ) ಸಿಗುತ್ತದೆ: 2025ಕ್ಕೆ ಗರಿಷ್ಠ 2,200 ಡಾಲರ್. ಮರುದಿನ ಹುಟ್ಟಿದರೆ ಆ ವರ್ಷಕ್ಕೆ ಏನೂ ಇಲ್ಲ. ಗರ್ಭಿಣಿಯರಿಗೂ ಕ್ರೆಡಿಟ್ ವಿಸ್ತರಿಸುವ ಮಸೂದೆಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಮಂಡನೆಯಾಗಿವೆ, ಕಾನೂನಾಗಿಲ್ಲ.

ವರ್ಷದ ಮಧ್ಯೆ ಟೆಕ್ಸಾಸಿನಿಂದಲೋ ಬೇರೆಡೆಯಿಂದಲೋ ಬಂದವರಿಗೆ ವಿನಾಯಿತಿ ಪೂರ್ತಿ ಸಿಗದು, ಜಾರ್ಜಿಯಾ ಆದಾಯದ ಪ್ರಮಾಣಕ್ಕೆ ತಕ್ಕಷ್ಟೇ. ಹಿಂದಿನ ವರ್ಷ ಬಿಟ್ಟುಹೋಗಿದ್ದರೆ ಮೂರು ವರ್ಷದೊಳಗೆ ತಿದ್ದುಪಡಿ ರಿಟರ್ನ್ ಆದ ಫಾರ್ಮ್ 500ಎಕ್ಸ್ ಹಾಕಿ ಸರಿಪಡಿಸಬಹುದು.